ಮೊದಲ ನೂರು ಕಿಲೋಮೀಟರ್: ಸಹಾಯಾರ್ಥ ಸವಾರಿಗೆ ಹೊರಟವರ ಪ್ರಶ್ನೆಗಳು

ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲು ಸೈಕಲ್ ಹತ್ತಿರುವ ಹೊಸಬರಿಂದ ಬಂದ ಪ್ರಶ್ನೆಗಳಿವು. ಹೆಚ್ಚಿನವರ ಚಿಂತೆ ಕಾಲಿನ ಬಲದ್ದು. ಉತ್ತರಗಳು ಮಾತ್ರ ಸೀಟು, ಗೇರು, ನೀರಿನ ಬಾಟಲಿಯ ಕಡೆಗೇ ಮತ್ತೆ ಮತ್ತೆ ಹೊರಳುತ್ತವೆ. ಮೊದಲ ದೂರದ ಸವಾರಿ ಅರ್ಧಕ್ಕೇ ನಿಲ್ಲುವುದು ಸಾಮಾನ್ಯವಾಗಿ ಇವುಗಳಿಂದಲೇ.

ಪ್ರಶ್ನೆ: ಇನ್ನು 12 ವಾರಕ್ಕೆ 100 ಕಿ.ಮೀ. ಸವಾರಿ ಇದೆ, ಹೆಸರು ಕೊಟ್ಟಾಗಿದೆ. ಈಗ 15 ಕಿ.ಮೀ. ತುಳಿಯುವಷ್ಟರಲ್ಲಿ ಏದುಸಿರು ಬರುತ್ತದೆ. ಆದೀತೇ? ದಿನಾ ತುಳಿಯಬೇಕೇ?

ಉತ್ತರ: ಖಂಡಿತ ಆಗುತ್ತದೆ. ದಿನಾ ಬೇಡ, ವಾರಕ್ಕೆ ಮೂರು ಸಲ ಸಾಕು. ವಾರದ ನಡುವೆ 40ರಿಂದ 60 ನಿಮಿಷದ ಎರಡು ಸವಾರಿ, ರಜೆಯ ದಿನ ಒಂದು ಉದ್ದನೆಯದು. ಆ ಉದ್ದನೆಯ ಸವಾರಿಯ ದೂರವನ್ನು ವಾರದಿಂದ ವಾರಕ್ಕೆ 20, 25, 32, 22, 40, 48, 35, 57, 66, 77, 40 ಕಿ.ಮೀ. ಎಂದು ಇಟ್ಟುಕೊಳ್ಳಿ. ಹನ್ನೆರಡನೆಯ ವಾರ ಸವಾರಿಯೇ ಬಂತು. ನಾಲ್ಕನೇ ಮತ್ತು ಏಳನೇ ವಾರದಲ್ಲಿ ದೂರವನ್ನು ಬೇಕೆಂದೇ ಇಳಿಸಲಾಗಿದೆ. ಉಸಿರು ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ, ಆದರೆ ಮಂಡಿಯ ಸುತ್ತಲಿನ ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ‘ಕಾಲು ಬಂತು, ಇನ್ನು ಓಡಿಸೋಣ’ ಅನ್ನಿಸುವ ಐದಾರನೇ ವಾರದಲ್ಲೇ ಮಂಡಿನೋವು ಶುರುವಾಗುವುದು ಈ ಕಾರಣಕ್ಕೆ.

77 ಕಿ.ಮೀ. ಮುಗಿಸಿದವರು 100 ಮುಗಿಸುತ್ತಾರೆ. ‘ಒಮ್ಮೆ ಪೂರ್ತಿ ತುಳಿದು ನೋಡಿಬಿಡೋಣ’ ಎಂದು ಹಿಂದಿನ ವಾರವೇ ನೂರು ಹೊಡೆಯಬೇಡಿ. ಆ ದಣಿವು ಸವಾರಿಯ ದಿನಕ್ಕೂ ಕಾಲಿನಲ್ಲಿ ಉಳಿದಿರುತ್ತದೆ.

ಇನ್ನು ಏದುಸಿರು. 15 ಕಿ.ಮೀ.ಗೆ ಏದುಸಿರು ಬಂದರೆ ನೀವು ತುಳಿಯುತ್ತಿರುವ ವೇಗ ಹೆಚ್ಚಾಯಿತು ಎಂದರ್ಥ, ಶಕ್ತಿ ಕಡಿಮೆ ಎಂದಲ್ಲ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 20 ಕಿ.ಮೀ. ವೇಗದಿಂದ 25ಕ್ಕೆ ಹೋದರೆ ಗಾಳಿಗೇ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಕೊಡಬೇಕು. ಉದ್ದನೆಯ ಸವಾರಿಯುದ್ದಕ್ಕೂ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿದಿರಬೇಕು. ಎರಡು ಪದಕ್ಕೊಮ್ಮೆ ಮಾತು ತುಂಡಾದರೆ ನಿಧಾನಿಸಿ. ಐದನೇ ವಾರದಿಂದ ವಾರದ ನಡುವಿನ ಒಂದು ಸವಾರಿಯಲ್ಲಿ ಮಾತ್ರ 4 ನಿಮಿಷ ಜೋರು, 3 ನಿಮಿಷ ಸಲೀಸು ಎಂದು ನಾಲ್ಕು ಸುತ್ತು ಹಾಕಿ. ಏರು ಹತ್ತಲು ಬೇಕಾದ ಕಸುವು ಅದರಿಂದ ಬರುತ್ತದೆ.

ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು, ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಂಡು ಬನ್ನಿ. ತುಳಿಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಆ ದಿನದ ಸವಾರಿ ಅಲ್ಲಿಗೇ ಮುಗಿಯಿತು.

ಪ್ರಶ್ನೆ: 25 ಕಿ.ಮೀ. ದಾಟಿದೊಡನೆ ಮಂಡಿಯ ಮುಂಭಾಗ ನೋಯುತ್ತದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಸೈಕಲ್ಲೇ ನನ್ನ ಅಳತೆಯದಲ್ಲವೇನೋ?

ಉತ್ತರ: ಸೈಕಲ್ ಬದಲಿಸುವ ಮಾತು ಆಮೇಲೆ. ಮೊದಲು ಸೀಟಿನ ಎತ್ತರ ನೋಡಿ. ಎರಡೂ ಪಾದ ನೆಲಕ್ಕೆ ಮುಟ್ಟಲಿ ಎಂದು ಹೊಸಬರು ಸೀಟನ್ನು ತಗ್ಗಿಸಿಕೊಂಡಿರುತ್ತಾರೆ. ಆಗ ಪೆಡಲ್ ಮೇಲೆ ಬರುವಾಗ ಮಂಡಿ ತೀರಾ ಮಡಚಿ, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿದು ಒಂದು ಕಾಲು ಊರಬೇಕೇ ಹೊರತು ಕೂತಲ್ಲೇ ಊರುವುದಲ್ಲ.

ಸವಾರಿಗೆ ಹಾಕುವ ಶೂ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಸೀಟಿನ ಮೇಲೆ ಕೂರಿ. ಒಂದು ಪೆಡಲನ್ನು ಅತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಆ ಬದಿಗೆ ವಾಲಬಾರದು. ಹಾಗೇ ಹಿಂದಕ್ಕೆ ಹತ್ತು ಸುತ್ತು ತುಳಿಯಿರಿ. ಹಿಮ್ಮಡಿ ಪೆಡಲ್ ಬಿಟ್ಟರೆ ಸೀಟು ಎತ್ತರವಾಯಿತು, ಕೆಳಗೆ ಬಂದಾಗಲೂ ಮಂಡಿ ಮಡಚಿದ್ದರೆ ತಗ್ಗಾಯಿತು. ಇದು ಸರಿಹೋದ ಮೇಲೆ ಪಾದದ ಮುಂಭಾಗದ ಉಬ್ಬನ್ನು ಪೆಡಲ್ ಮೇಲಿಟ್ಟು ತುಳಿದರೆ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿ ನಿಲ್ಲುತ್ತದೆ. ಲೆಕ್ಕದ ಮೇಲೆ ನಂಬಿಕೆ ಇರುವವರಿಗೆ ಇನ್ನೊಂದು ದಾರಿ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6 ಬರುತ್ತದೆ. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ ಅಷ್ಟು. ಎರಡೂ ಆರಂಭದ ಅಳತೆಗಳೇ. ಅಲ್ಲಿಂದ ಒಂದು ಸಲಕ್ಕೆ 5 ಮಿ.ಮೀ. ಮಾತ್ರ ಏರಿಸಿ ಅಥವಾ ಇಳಿಸಿ, ಎರಡು ಸವಾರಿ ಮಾಡಿ ನೋಡಿ. ಸೀಟಿನ ಕಂಬದ ಮೇಲಿರುವ ‘ಮಿನಿಮಮ್’ ಗೆರೆ ಹೊರಗೆ ಕಾಣುವಷ್ಟು ಎಂದೂ ಎತ್ತಬೇಡಿ, ಕಂಬ ಮುರಿದೀತು. ನೋವು ಮಂಡಿಯ ಹಿಂಭಾಗದಲ್ಲಿದ್ದರೆ ಸಾಮಾನ್ಯವಾಗಿ ಸೀಟು ಎತ್ತರವಾಗಿದೆ ಎಂದು ತಿಳಿಯಿರಿ.

ಎತ್ತರ ಸರಿಯಿದ್ದೂ ಮುಂಭಾಗ ನೋಯುತ್ತಿದ್ದರೆ ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುತ್ತಿದ್ದೀರಿ. ಬಲ ಮಂಡಿ ಮೇಲೆ ಬಂದದ್ದನ್ನು 15 ಸೆಕೆಂಡು ಎಣಿಸಿ. ಸಮತಟ್ಟು ರಸ್ತೆಯಲ್ಲಿ 20ರಿಂದ 22 ಬರಬೇಕು, ಅಂದರೆ ನಿಮಿಷಕ್ಕೆ 80–88 ಸುತ್ತು. 15 ಬಂದರೆ ಒಂದೆರಡು ಗೇರು ಇಳಿಸಿ. ಮೊದಮೊದಲು ಕಾಲು ಸುಮ್ಮನೆ ತಿರುಗುತ್ತಿದೆ ಅನ್ನಿಸುತ್ತದೆ, ಮೂರು ವಾರದಲ್ಲಿ ಅದೇ ರೂಢಿಯಾಗುತ್ತದೆ.

ಬೆರಳ ಜೋಮಿಗೆ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಒತ್ತುವುದೇ ಕಾರಣ. ಸೀಟಿನ ಮೂಗು ಕೆಳಗೆ ವಾಲಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಸೀಟಿನ ಮೇಲೆ ಒಂದು ಮಟ್ಟಗೋಲು ಇಟ್ಟು ಸಮ ಮಾಡಿ. ಮೊಣಕೈ ಸ್ವಲ್ಪ ಮಡಚಿರಲಿ, ಮಣಿಕಟ್ಟು ಮುರಿದಂತೆ ಬಾಗದಿರಲಿ, ಐದು ನಿಮಿಷಕ್ಕೊಮ್ಮೆ ಹಿಡಿತದ ಜಾಗ ಬದಲಿಸಿ. ಇಷ್ಟಾದರೂ ಜೋಮು ಬಿಡದಿದ್ದರೆ ಹ್ಯಾಂಡಲ್ ದೂರವಾಗಿದೆ. ಆಗ 10–20 ಮಿ.ಮೀ. ಗಿಡ್ಡನೆಯ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಹಾಕಿಸಿ.

ಪ್ರಶ್ನೆ: ಕೂರುವ ಜಾಗ ವಿಪರೀತ ನೋಯುತ್ತದೆ. ಮೆತ್ತನೆಯ ಜೆಲ್ ಸೀಟು ಹಾಕಿಸಲೇ?

ಉತ್ತರ: ಬೇಡ. ಅರ್ಧ ಗಂಟೆಗೆ ಹಿತವೆನಿಸುವ ಮೆತ್ತನೆ ಮೂರು ಗಂಟೆಗೆ ಶತ್ರುವಾಗುತ್ತದೆ. ಕೂರುವ ಎರಡು ಮೂಳೆಗಳು ಜೆಲ್ಲಿನೊಳಗೆ ಹೂತು, ನಡುವಿನ ಜೆಲ್ ಮೇಲಕ್ಕುಬ್ಬಿ ಮೃದು ಭಾಗವನ್ನು ಒತ್ತುತ್ತದೆ. ಬೇಕಾದದ್ದು ಆ ಮೂಳೆಗಳ ಅಗಲಕ್ಕೆ ತಕ್ಕ, ತುಸು ಗಟ್ಟಿಯಾದ ಸೀಟು, ಜೊತೆಗೆ ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ. ಆ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಚರ್ಮ ಉಜ್ಜಿ ಹುಣ್ಣು ಮಾಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಹತ್ತು ಎಣಿಸಿ. ಮನೆಗೆ ಬಂದೊಡನೆ ಚಡ್ಡಿ ತೆಗೆದು ತೊಳೆದುಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಕೂತಿದ್ದರೆ ಕುರು ಏಳುತ್ತದೆ.

ಮೊದಲ ಎರಡು ಮೂರು ವಾರದ ಮೂಳೆನೋವು ತಾನಾಗಿ ಇಳಿಯುತ್ತದೆ. ಮರಗಟ್ಟುವುದು ಬೇರೆ ಸಂಗತಿ, ಅದನ್ನು ಸಹಿಸಿಕೊಂಡು ತುಳಿಯಬಾರದು. ಸೀಟಿನ ಮೂಗನ್ನು ಒಂದೆರಡು ಡಿಗ್ರಿ ತಗ್ಗಿಸಿ ನೋಡಿ, ಹೋಗದಿದ್ದರೆ ನಡುವೆ ಸೀಳಿರುವ ಸೀಟು ಹಾಕಿಸಿ. ಉಜ್ಜಿದ ಗಾಯ ಒಂದೇ ಬದಿಗೆ ಇದ್ದರೆ ಸೀಟು ಎತ್ತರವಾಗಿ ಸೊಂಟ ಆಚೀಚೆ ಆಡುತ್ತಿದೆಯೇ ಎಂದು ಹಿಂದಿನಿಂದ ಯಾರಾದರೂ ನೋಡಲಿ.

ಪ್ರಶ್ನೆ: 50 ಕಿ.ಮೀ. ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಕೈಕಾಲು ನಡುಗಿ, ಶಕ್ತಿಯೇ ಉಡುಗಿಹೋಗುತ್ತದೆ. ನೀರು ಧಾರಾಳವಾಗಿ ಕುಡಿದಿರುತ್ತೇನೆ.

ಉತ್ತರ: ನೀರು ಕುಡಿದಿರಿ, ತಿಂದಿರೇ? ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆ ಒಂದೂವರೆ ಎರಡು ಗಂಟೆಯ ಬಿರುಸಿನ ತುಳಿತಕ್ಕೆ ಬರಿದಾಗುತ್ತದೆ. ನೀವು ಹೇಳುವ ನಡುಕ, ತಣ್ಣನೆಯ ಬೆವರು, ಸಣ್ಣದಕ್ಕೂ ಸಿಡಿಮಿಡಿ, ಇವೆಲ್ಲ ಅದರ ಗುರುತು. ಹಸಿವಾದ ಮೇಲೆ ತಿಂದರೆ ತಡವಾಯಿತು, ಹೊಟ್ಟೆಯಿಂದ ರಕ್ತಕ್ಕೆ ಸೇರಲು ಸಮಯ ಬೇಕು. ಹೊರಟ ಅರ್ಧ ಗಂಟೆಗೇ ಶುರು ಮಾಡಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕದಲ್ಲಿ, 20 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ತಿನ್ನಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. 750 ಮಿ.ಲೀ. ಬಾಟಲಿ ನೀರಿಗೆ 40 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು ಕರಗಿಸಿದರೆ ಒಳ್ಳೆಯ ಪಾನೀಯ. ಸಕ್ಕರೆ ಇದಕ್ಕಿಂತ ದುಪ್ಪಟ್ಟಾದರೆ ಹೊಟ್ಟೆ ತೊಳಸುತ್ತದೆ.

ನೀರು ಗಂಟೆಗೆ 500ರಿಂದ 750 ಮಿ.ಲೀ. ಹೆಚ್ಚಿನವರಿಗೆ ಹೊಂದುತ್ತದೆ. ನಿಮ್ಮ ಅಳತೆ ತಿಳಿಯಲು ಎರಡು ಗಂಟೆಯ ಸವಾರಿಗೆ ಮುಂಚೆ ಮತ್ತು ಆಮೇಲೆ ತೂಕ ನೋಡಿ. 70 ಕೆ.ಜಿ.ಯವರು 1.4 ಕೆ.ಜಿ.ಗಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅದು ಇನ್ನೂ ಅಪಾಯ, ಅತಿಯಾಗಿ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಸವಾರಿಯ ದಿನ ದಾರಿಯಲ್ಲಿ ಏನೇ ಹೊಸ ತಿನಿಸು ಕೊಟ್ಟರೂ ಅಭ್ಯಾಸದಲ್ಲಿ ತಿಂದು ಅರಗಿಸಿಕೊಂಡದ್ದನ್ನೇ ತಿನ್ನಿ.

ಪ್ರಶ್ನೆ: ನನ್ನದು ದಪ್ಪ ಟೈರಿನ ಮೌಂಟನ್ ಬೈಕ್, 14 ಕೆ.ಜಿ. ಹಗುರವಾದ ರೋಡ್ ಬೈಕ್ ಕೊಳ್ಳದೆ ಆಗದೇ?

ಉತ್ತರ: ಇದರಲ್ಲೇ ಆಗುತ್ತದೆ, ಟೈರ್ ಒಂದು ಬದಲಿಸಿ. 3 ಕೆ.ಜಿ. ಹೆಚ್ಚುವರಿ ತೂಕಕ್ಕೆ 5 ಶೇಕಡಾ ಏರಿನಲ್ಲಿ (ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆ) 10 ಕಿ.ಮೀ. ವೇಗಕ್ಕೆ ಬೇಕಾಗುವುದು ಸುಮಾರು 4 ವ್ಯಾಟ್. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಅದೇ ಏರಿನಲ್ಲಿ ಗುರುತ್ವ ಗೆಲ್ಲಲೇ ಬೇಕಾಗುವುದು 116 ವ್ಯಾಟ್. ಹೋಲಿಸಿ ನೋಡಿ. ಡಾಂಬರಿನ ಮೇಲೆ ಗುಂಯ್‌ಗುಡುವ ಹಲ್ಲಿನ ಟೈರು ಆ 4 ವ್ಯಾಟಿಗಿಂತ ಹೆಚ್ಚು ಕಸಿಯುತ್ತದೆ. 2.1 ಇಂಚಿನ ಹಲ್ಲಿನ ಟೈರ್ ತೆಗೆದು ಅದೇ ರಿಮ್ಮಿಗೆ ಒಗ್ಗುವ 1.5 ಇಂಚಿನ ನುಣುಪು ಟೈರ್, ಅದರ ಅಳತೆಯ ಟ್ಯೂಬ್ ಹಾಕಿಸಿ. ಮುಂದಿನ ಸಸ್ಪೆನ್ಷನ್‌ಗೆ ಲಾಕ್ ಇದ್ದರೆ ಹಾಕಿಬಿಡಿ.

ಗಾಳಿ ಟೈರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೇ ಇರಲಿ. 75 ಕೆ.ಜಿ. ಸವಾರರಿಗೆ 1.5 ಇಂಚಿನ ಟೈರಿಗೆ 50–55 ಪಿಎಸ್‌ಐ (ಪಂಪಿನ ಗೇಜ್ ತೋರಿಸುವ ಗಾಳಿಯೊತ್ತಡದ ಅಳತೆ), 28 ಮಿ.ಮೀ. ಟೈರಿಗೆ 70ರ ಆಸುಪಾಸು ಸಾಕು, ಹಿಂದಿನ ಚಕ್ರಕ್ಕೆ ಐದು ಹೆಚ್ಚು. ಕಲ್ಲಿನಂತೆ ತುಂಬಿದರೆ ಒರಟು ರಸ್ತೆಯಲ್ಲಿ ಸೈಕಲ್ ಪುಟಿಯುತ್ತದೆಯೇ ಹೊರತು ವೇಗ ಬರುವುದಿಲ್ಲ. ಟ್ಯೂಬಿನಿಂದ ಗಾಳಿ ತಾನಾಗಿಯೂ ಇಳಿಯುತ್ತಿರುತ್ತದೆ, ವಾರಕ್ಕೊಮ್ಮೆ ಗೇಜ್ ಇಟ್ಟು ನೋಡಿ.

ಪ್ರಶ್ನೆ: ದಾರಿಯಲ್ಲಿ 8 ಶೇಕಡಾ ಏರು ಇದೆ. ನನ್ನ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 34, ಹಿಂದೆ 28 ಹಲ್ಲು. ಹತ್ತಬಹುದೇ?

ಉತ್ತರ: ಲೆಕ್ಕ ಹಾಕೋಣ. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 34ನ್ನು 28ರಿಂದ ಭಾಗಿಸಿ 2.1ರಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ 2.55 ಮೀಟರ್. ಏರಿನಲ್ಲಿ ನಿಮಿಷಕ್ಕೆ 60 ಸುತ್ತಿಗಿಂತ ಕೆಳಗಿಳಿದರೆ ಮಂಡಿಗೆ ಕಷ್ಟ, ಹಾಗಾಗಿ ಗಂಟೆಗೆ 9.2 ಕಿ.ಮೀ. ವೇಗ ಉಳಿಸಿಕೊಳ್ಳಲೇಬೇಕು. 85 ಕೆ.ಜಿ. ಒಟ್ಟು ತೂಕಕ್ಕೆ ಗುರುತ್ವ ಗೆಲ್ಲಲೇ 170 ವ್ಯಾಟ್ ಬೇಕು. ಹೊಸಬರಿಗೆ ಇದು ಕೆಲವು ನಿಮಿಷದ ಮಾತು. ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿದರೆ ಅದೇ 60 ಸುತ್ತಿಗೆ ವೇಗ 7.6 ಕಿ.ಮೀ.ಗೆ ಇಳಿದು 140 ವ್ಯಾಟ್ ಸಾಕಾಗುತ್ತದೆ. ಆ 30 ವ್ಯಾಟಿನಲ್ಲೇ ಹತ್ತುವುದೋ, ಇಳಿದು ತಳ್ಳುವುದೋ ತೀರ್ಮಾನವಾಗುವುದು. ಬದಲಿಸುವ ಮುಂಚೆ ಹಿಂದಿನ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) 34 ಹಲ್ಲನ್ನು ತಡೆಯುತ್ತದೆಯೇ ಎಂದು ವಿಚಾರಿಸಿ, ಚೈನನ್ನೂ ಉದ್ದದ್ದು ಹಾಕಿಸಿ. ಗಿಡ್ಡ ಚೈನು ಮುಂದೆಯೂ ದೊಡ್ಡ ಹಲ್ಲುಚಕ್ರಕ್ಕೆ, ಹಿಂದೆಯೂ ದೊಡ್ಡದಕ್ಕೆ ಬಿದ್ದರೆ ಡಿರೈಲರ್ ಕಿತ್ತು ಬರುತ್ತದೆ.

ಏರು ಶುರುವಾಗುವ ಮುಂಚೆಯೇ ಗೇರು ಇಳಿಸಿ, ಒತ್ತಡ ಬಿದ್ದ ಚೈನನ್ನು ಸರಿಸಲು ಹೋದರೆ ಅದು ಬೀಳುತ್ತದೆ. ಮೊದಲ ಮೂರನೇ ಒಂದು ಭಾಗವನ್ನು ಬೇಕೆಂದೇ ನಿಧಾನ ಹತ್ತಿ. ಲಂಡನ್–ಬ್ರೈಟನ್ ಸಹಾಯಾರ್ಥ ಸವಾರಿಯಲ್ಲಿ ಡಿಚ್ಲಿಂಗ್ ಬೀಕನ್ ಎಂಬ ಕಡಿದಾದ ಗುಡ್ಡ ಮುಕ್ಕಾಲು ಹಾದಿ ಮುಗಿದು ಕಾಲು ಸೋತ ಮೇಲೆ ಎದುರಾಗುತ್ತದೆ. ಅಲ್ಲಿ ಎಷ್ಟೋ ಮಂದಿ ಇಳಿದು ನಡೆಯುತ್ತಾರೆ. ನಡೆದು ಹತ್ತಿದವರ ದೇಣಿಗೆಗೂ ಅಷ್ಟೇ ಬೆಲೆ.

ಪ್ರಶ್ನೆ: ಪಂಕ್ಚರ್ ಆಗಿ ಹೊಸ ಟ್ಯೂಬ್ ಹಾಕಿದೆ, ಹತ್ತೇ ನಿಮಿಷಕ್ಕೆ ಅದೂ ಹೋಯಿತು. ಎಲ್ಲಿ ತಪ್ಪಿದೆ?

ಉತ್ತರ: ಮೊದಲನೆಯ ಮುಳ್ಳು ಇನ್ನೂ ಟೈರಿನಲ್ಲೇ ಇದೆ, ಇಲ್ಲವೇ ಹೊಸ ಟ್ಯೂಬನ್ನು ಟೈರಿನ ಅಂಚಿಗೆ ಸಿಕ್ಕಿಸಿಕೊಂಡಿದ್ದೀರಿ. ಹಳೆಯ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದೆಷ್ಟು ದೂರದಲ್ಲಿದೆಯೋ ಅಷ್ಟೇ ದೂರದಲ್ಲಿ ಟೈರನ್ನು ನೋಡಿ. ಸಣ್ಣ ತಂತಿ, ಗಾಜಿನ ಚೂರು ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೇ ಸಿಗುವುದು. ಟೈರಿನ ಒಳಗೆ ಬೆರಳ ತುದಿಯನ್ನು ನಿಧಾನವಾಗಿ, ಕುಯ್ಯದ ಹಾಗೆ ಪೂರ್ತಿ ಒಂದು ಸುತ್ತು ಆಡಿಸಿ. ಪಕ್ಕಪಕ್ಕ ಎರಡು ತೂತು ಇದ್ದರೆ ಮುಳ್ಳಲ್ಲ, ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ ಕಚ್ಚಿದೆ. ತೂತು ಟ್ಯೂಬಿನ ರಿಮ್ ಕಡೆಯ ಮೈಯಲ್ಲಿದ್ದರೆ ರಿಮ್ಮಿನ ಪಟ್ಟಿ ಸರಿದು ಸ್ಪೋಕಿನ ರಂಧ್ರ ಬಾಯಿ ಬಿಟ್ಟಿದೆ.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಊದಿ ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಬಳಿ ಮುಗಿಸಿ. ಕೊನೆಯ ಗೇಣಿಗೆ ಬಿಗಿ ಬಂದಾಗ ಲಿವರ್ (ಟೈರ್ ಬಿಚ್ಚುವ ಮೀಟುಗೋಲು) ಹಾಕಿ ಮೀಟಿದರೆ ಟ್ಯೂಬ್ ಹರಿಯುವುದು ಅಲ್ಲೇ. ಬದಲಿಗೆ ಸುತ್ತಲೂ ಟೈರನ್ನು ರಿಮ್ಮಿನ ನಡುವಿನ ತಗ್ಗಿಗೆ ಹಿಂಡುತ್ತ ಬನ್ನಿ, ಸಡಿಲ ಸಿಕ್ಕಿ ಹೆಬ್ಬೆರಳಿನಲ್ಲೇ ಒಳಗೆ ಹೋಗುತ್ತದೆ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಎರಡೂ ಬದಿ ಟೈರು ಸರಿಸಿ, ಟ್ಯೂಬು ಎಲ್ಲೂ ಇಣುಕುತ್ತಿಲ್ಲ ಎಂದು ಕಂಡ ಮೇಲೆ ಪೂರ್ತಿ ಗಾಳಿ. ತೇಪೆ ಹಾಕುವುದಾದರೆ ಅಂಟು ಸವರಿ ಐದು ನಿಮಿಷ ಒಣಗಲು ಬಿಡಿ, ಹಸಿ ಅಂಟಿನ ಮೇಲೆ ತೇಪೆ ನಿಲ್ಲುವುದಿಲ್ಲ. ಎರಡು ಟ್ಯೂಬ್, ಎರಡು ಲಿವರ್, ತೇಪೆ, ಪಂಪು ಜೊತೆಗಿರಲಿ. ಮನೆಯಲ್ಲಿ ಎರಡು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿದವರಿಗೆ ದಾರಿಯಲ್ಲಿ ಹದಿನೈದು ನಿಮಿಷದ ಕೆಲಸ.

ಪ್ರಶ್ನೆ: ಚೈನು ಕಿರುಗುಟ್ಟುತ್ತದೆ, ಎಣ್ಣೆ ಸುರಿದರೂ ನಿಲ್ಲುತ್ತಿಲ್ಲ.

ಉತ್ತರ: ಸುರಿದದ್ದೇ ತಪ್ಪು. ಹೊರಗೆ ಉಳಿದ ಎಣ್ಣೆಗೆ ಧೂಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಚೈನನ್ನು ಒರೆಸಿ, ಕೊಂಡಿಗಳ ನಡುವೆ ಉರುಳುವ ಪ್ರತಿ ರೋಲರ್‌ಗೆ ಒಂದೇ ಹನಿ ಬಿಡಿ, ಹಿಂದಕ್ಕೆ ಇಪ್ಪತ್ತು ಸುತ್ತು ತುಳಿದು ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನು ಬಟ್ಟೆಯಿಂದ ಒಣಗುವಷ್ಟು ಒರೆಸಿ. ಡಿಸ್ಕ್ ಬ್ರೇಕಿನ ತಟ್ಟೆಗೆ ಒಂದು ಹನಿಯೂ ತಾಗದಿರಲಿ. ಸವೆತ ತಿಳಿಯಲು ಸ್ಕೇಲ್ ಇಟ್ಟು ನೋಡಿ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಪಿನ್ ಬರುತ್ತದೆ. ಅದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಿ, ಎಂಟನೇ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್ಟೂ ಹೋದಂತೆ. ಚೈನು, ಕ್ಯಾಸೆಟ್, ಗೇರಿನ ಕೇಬಲ್, ಯಾವುದನ್ನು ಬದಲಿಸುವುದಿದ್ದರೂ ಸವಾರಿಗೆ ಮೂರು ವಾರ ಮುಂಚೆಯೇ ಮುಗಿಸಿ. ಹೊಸ ಕೇಬಲ್ ಮೊದಲ ಕೆಲವು ಸವಾರಿಯಲ್ಲಿ ಸಡಿಲಾಗಿ ಗೇರು ತಪ್ಪುತ್ತದೆ, ಅದನ್ನು ಬಿಗಿ ಮಾಡಲು ಸಮಯ ಬೇಕು.

ಪ್ರಶ್ನೆ: ನೂರಾರು ಜನರ ಗುಂಪಿನಲ್ಲಿ ತುಳಿದು ಗೊತ್ತಿಲ್ಲ, ಭಯವಾಗುತ್ತದೆ.

ಉತ್ತರ: ಒಂದೇ ನಿಯಮ ಮರೆಯಬೇಡಿ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಸೇರಬಾರದು. ಅವರು ಒಂದು ಗೇಣು ಸರಿದರೂ ಬೀಳುವುದು ನೀವು. ಒಂದೂವರೆ ಸೈಕಲ್ ಉದ್ದ ಅಂತರ ಬಿಡಿ, ಮುಂದಿನ ಚಕ್ರವನ್ನಲ್ಲ, ಅವರ ಭುಜದಾಚೆಯ ರಸ್ತೆಯನ್ನು ನೋಡಿ. ನಿಲ್ಲುವ ಮುಂಚೆ ಕೂಗಿ ಹೇಳಿ. ಆರಂಭದ ಸಾಲಿನಲ್ಲಿ ಹಿಂದೆ ನಿಂತರೆ ನೂಕುನುಗ್ಗಲೂ ತಪ್ಪುತ್ತದೆ, ಇತರರ ಅಬ್ಬರಕ್ಕೆ ಮೊದಲ ಹತ್ತು ಕಿ.ಮೀ.ನಲ್ಲೇ ಶಕ್ತಿ ಸುರಿಯುವುದೂ ತಪ್ಪುತ್ತದೆ.

ಪ್ರಶ್ನೆ: ದೇಣಿಗೆಯನ್ನು ಕಿಲೋಮೀಟರಿಗೆ ಇಷ್ಟು ಎಂದು ಕೇಳುವುದೋ, ಒಟ್ಟು ಮೊತ್ತವೋ? ಕೇಳಲು ಸಂಕೋಚವಾಗುತ್ತದೆ.

ಉತ್ತರ: ಒಟ್ಟು ಮೊತ್ತವೇ ಮೇಲು. ಕಿಲೋಮೀಟರ್ ಲೆಕ್ಕದ ಮಾತು ಸವಾರಿ ಮುಗಿದ ಮೇಲೆ ವಸೂಲಿಯಾಗಬೇಕು, ಆಗ ಬೆನ್ನು ಹತ್ತುವ ಕೆಲಸ ನಿಮ್ಮದಾಗುತ್ತದೆ. ಯಾರಾದರೂ ಹಾಗೇ ಕೊಡುತ್ತೇನೆಂದರೆ ಗರಿಷ್ಠ ಮೊತ್ತ ಎಷ್ಟು, ಮಳೆಯಿಂದ ಸವಾರಿ ನಿಂತರೆ ಏನು ಎಂದು ಮೊದಲೇ ಮಾತಾಡಿಕೊಳ್ಳಿ. ಹಣ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ, ರಸೀದಿ ಕೊಟ್ಟವರ ಹೆಸರಿಗೆ ಬರಲಿ, ನಿಮ್ಮ ಖಾತೆಗೆ ಬೆರೆಸಬೇಡಿ. ಪ್ರವೇಶ ಶುಲ್ಕ ಸಂಸ್ಥೆಗೆ ಸೇರುತ್ತದೆಯೋ ಸವಾರಿಯ ಖರ್ಚಿಗೋ, ಕನಿಷ್ಠ ಮೊತ್ತ ಕೂಡದಿದ್ದರೆ ಬಾಕಿ ನೀವೇ ತುಂಬಬೇಕೋ ಎಂಬುದನ್ನು ಹೆಸರು ಕೊಡುವ ಮುಂಚೆ ಓದಿ.

ಸಂಕೋಚಕ್ಕೆ ಮದ್ದೆಂದರೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುವುದು. ಗುಂಪಿಗೆ ಕಳಿಸಿದ ಸಂದೇಶವನ್ನು ಪ್ರತಿಯೊಬ್ಬರೂ ಬೇರೆಯವರಿಗೆ ಎಂದುಕೊಳ್ಳುತ್ತಾರೆ. ಎಷ್ಟು ದೂರ, ಯಾವ ದಿನ, ಹಣ ಯಾವ ಕೆಲಸಕ್ಕೆ, ಇಷ್ಟು ನಾಲ್ಕು ಸಾಲಿನಲ್ಲಿ ಬರೆಯಿರಿ. ಆಪ್ತರನ್ನು ಮೊದಲು ಕೇಳಿ, ಪಟ್ಟಿಯ ಮೊದಲ ಮೊತ್ತಗಳನ್ನು ನೋಡಿಯೇ ಉಳಿದವರು ತಮ್ಮದನ್ನು ನಿರ್ಧರಿಸುತ್ತಾರೆ. 50 ಕಿ.ಮೀ. ದಾಟಿದ ದಿನ ಒಂದು ಸುದ್ದಿ, ಸವಾರಿಗೆ ವಾರ ಮುಂಚೆ ಒಂದು ನೆನಪು, ಮುಗಿದ ಮರುದಿನ ಇನ್ನೊಂದು. ಕೊನೆಯದಕ್ಕೆ ಬರುವ ಹಣ ಕಡಿಮೆಯೇನಲ್ಲ.

ಪ್ರಶ್ನೆ: ಕೊನೆಯ ವಾರ ಜ್ವರ ಬಂದು ಅಭ್ಯಾಸ ತಪ್ಪಿದರೆ? ಹಿಂದಿನ ರಾತ್ರಿ ಏನೇನು ನೋಡಿಕೊಳ್ಳಬೇಕು?

ಉತ್ತರ: ಕೊನೆಯ ವಾರ ತಪ್ಪಿದ ಅಭ್ಯಾಸದಿಂದ ನಷ್ಟವೇನೂ ಇಲ್ಲ, ತುಂಬಿಕೊಳ್ಳಲು ಹೋಗಬೇಡಿ. ಜ್ವರವಿದ್ದಾಗ, ಎದೆಯಲ್ಲಿ ಕಫ ಕಟ್ಟಿದಾಗ ಸವಾರಿ ಕೂಡದು. ಸಣ್ಣ ದೂರದ ದಾರಿ ಇದ್ದರೆ ಅದಕ್ಕೆ ಬದಲಿಸಿಕೊಳ್ಳಿ, ದೇಣಿಗೆ ಕೊಟ್ಟವರಿಗೆ ತಿಳಿಸಿ.

ಹಿಂದಿನ ರಾತ್ರಿ ಬ್ರೇಕ್ ಒತ್ತಿ ನೋಡಿ, ಲಿವರ್ ಹ್ಯಾಂಡಲಿಗೆ ತಾಗಬಾರದು. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ, ಅಲುಗಿದರೆ ಸ್ಟೆಮ್ ಸಡಿಲ. ಚಕ್ರಕ್ಕೆ ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚಿ ಬಿಗಿಸುವ ಹಿಡಿ) ಇದ್ದರೆ ಅದರ ಲಿವರ್ ಅರ್ಧ ಮಡಚಿದಲ್ಲಿಂದ ಬಿಗಿ ಹಿಡಿಯಬೇಕು, ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅದರ ಗುರುತು ಮೂಡಿರಬೇಕು. ಎರಡೂ ಚಕ್ರ ಎತ್ತಿ ತಿರುಗಿಸಿ, ಬ್ರೇಕಿಗೆ ಉಜ್ಜದೆ ತಾನಾಗಿ ನಿಲ್ಲುವವರೆಗೆ ನೋಡಿ. ಗಾಳಿ ಮಾತ್ರ ಬೆಳಿಗ್ಗೆ ತುಂಬಿ.